ಸುಗ್ರಾ ಬರೆದ ನಡಿಗೆ

"ಅದನ್ನ ಅಲ್ಲೇ ಬಿಡ್ರಿ…"

ಹಿಂದಿನಿಂದ ಬಂದ ದನಿಗೆ ಸುಗ್ರಾ ಬೆಚ್ಚಿಬಿದ್ದಳು. ಆದರೂ ಕೈಯಲ್ಲಿದ್ದ ಫಿಲ್ಮಿನ ತುಂಡನ್ನು ಬಿಡಲಿಲ್ಲ.

೧೯೭೬ರ ಚಳಿಗಾಲ. ಮಾನ್ವಿಯ ಹೊರಗೆ, ಕವಿತಾಳದ ರಸ್ತೆ ಬದಿಯ ಬಯಲಲ್ಲಿ ಟೂರಿಂಗ್ ಟಾಕೀಸಿನ ಡೇರೆ ಬಿದ್ದು ಇನ್ನೂ ಒಂದು ವಾರವಾಗಿರಲಿಲ್ಲ. ಡೇರೆಯ ಹಿಂದೆ ಕಟ್ಟಿದ ಹಗ್ಗದ ಮೇಲೆ ಫಿಲ್ಮಿನ ತುಂಡುಗಳು ಜೋತಾಡುತ್ತಿದ್ದವು. ಬೇಡವೆಂದು ಒಗೆದಿರಬೇಕು ಅಂದುಕೊಂಡು, ಶಾಲೆಗೆ ಹೊರಟಿದ್ದ ಸುಗ್ರಾ ದಾರಿ ಬಿಟ್ಟು ಅಲ್ಲಿಗೆ ಬಂದಿದ್ದಳು. ಒಂದು ತುಂಡನ್ನು ಸೂರ್ಯನಿಗೆ ಹಿಡಿದು ನೋಡುತ್ತ ನಿಂತವಳಿಗೆ ಶಾಲೆಯ ಗಂಟೆ ಹೊಡೆದದ್ದೂ ಕೇಳಿಸಿರಲಿಲ್ಲ.

ತಿರುಗಿ ನೋಡಿದಳು. ಎದುರಿಗೆ ನಿಂತಿದ್ದವನಿಗೆ ಇಪ್ಪತ್ತೆರಡು ವರ್ಷವಿರಬಹುದು. ತೆಳ್ಳನೆಯ ಮೈ, ಮೊಣಕೈವರೆಗೆ ಮಡಚಿದ ಅಂಗಿ, ಬೆರಳ ತುದಿಗಳಲ್ಲಿ ಎಣ್ಣೆಯ ಕಪ್ಪು. ಅವನು ಟಾಕೀಸಿನ ಆಪರೇಟರ್ ಅಬ್ದುಲ್ ವಹೀದ್, ದೇವದುರ್ಗದವನು.

"ಅದು ಕಸ ಅಲ್ರಿ. ಕೂಡಿಸಬೇಕಂತ ಒಣ ಹಾಕೀನಿ. ಅದಿಲ್ಲಂದ್ರ ಇವತ್ತು ಸಂಜಿ ಮದುಮಗಳು ತಾಳಿ ಕಟ್ಟಿಸ್ಕೊಳ್ಳದೇ ಗಂಡನ ಮನಿಗೆ ಹೋಗ್ತಾಳ."

ಸುಗ್ರಾಳಿಗೆ ನಗು ಬಂತು, ನಾಚಿಕೆಯೂ ಆಯಿತು. ಆದರೂ ಕಣ್ಣು ಮಾತ್ರ ಆ ತುಂಡಿನಿಂದ ಕದಲಲಿಲ್ಲ.

"ಇಲ್ಲಿ ನೋಡ್ರಿ… ಈಕಿ ಕಣ್ಣು ಮುಚ್ಚಾಕತ್ತಾಳ. ಇದರಾಗ ಪೂರಾ ತೆರೆದಾವ. ಇದರಾಗ ಒಂದೀಟು ಇಳಿದಾವ. ಇದರಾಗ ಅರ್ಧ…" ಅಂದವಳು ತಲೆ ಎತ್ತಿದಳು. "ಅಂದ್ರ ಚಿತ್ರ ಓಡಂಗಿಲ್ಲೇನ್ರಿ? ಎಲ್ಲಾ ನಿಂತ ಚಿತ್ರನೇ ಏನು?"

ವಹೀದನ ಸಿಟ್ಟು ಎಲ್ಲಿ ಹೋಯಿತೋ ಅವನಿಗೇ ತಿಳಿಯಲಿಲ್ಲ. ಎಷ್ಟೋ ಊರುಗಳಲ್ಲಿ ಡೇರೆ ಹಾಕಿದ್ದರು. ಫಿಲ್ಮಿನ ತುಂಡು ಬೇಡಿ ಬಂದವರೆಲ್ಲ ಕೇಳುತ್ತಿದ್ದದ್ದು ಹೀರೋನ ಮುಖ. ಎರಡು ಚಿತ್ರಗಳ ನಡುವೆ ಏನಾಗುತ್ತದೆ ಎಂದು ಯಾರೂ ಕೇಳಿರಲಿಲ್ಲ.

"ಎಲ್ಲಾ ನಿಂತದ್ದೇ. ಒಂದು ಸೆಕೆಂಡಿಗೆ ಇಪ್ಪತ್ನಾಲ್ಕು ಓಡಸ್ತೀವಿ. ಅದಕ್ಕ ನಿಮ್ಮ ಕಣ್ಣು ಮೋಸ ಹೋಗ್ತದ."

ಅವಳು ತುಂಡನ್ನು ಅವನ ಕೈಗಿಟ್ಟು ಸರಸರನೆ ನಡೆದುಬಿಟ್ಟಳು. ಆ ದಿನ ತರಗತಿಯಲ್ಲಿ ಯಾವ ಪಾಠವೂ ತಲೆಗೆ ಹತ್ತಲಿಲ್ಲ. 'ನಿಂತ ಚಿತ್ರ… ಹಂಗಾದ್ರ ನಾನೂ ಬರೀಬಹುದಲ್ಲ…' ಅದೊಂದೇ ಯೋಚನೆ.

ಸುಗ್ರಾ ಆಗ ಹತ್ತನೇ ತರಗತಿ. ಅಪ್ಪ ನಬೀಸಾಬ್ ಬಟ್ಟೆ ವ್ಯಾಪಾರಿ. ಹೆಗಲ ಮೇಲೆ ಗಂಟು ಹೊತ್ತು ಕವಿತಾಳ, ದೇವದುರ್ಗ ಎಂದು ಸಂತೆಯಿಂದ ಸಂತೆಗೆ ತಿರುಗುವವರು. ಸಣ್ಣವರಿದ್ದಾಗ ಬಂದ ಜ್ವರದಿಂದ ಬಲಗಾಲು ಸೊರಗಿ, ಕುಂಟುತ್ತ ನಡೆಯುತ್ತಿದ್ದರು. ತಾಯಿ ಖತೀಜಾ ಬೀ ಮನೆಯಲ್ಲೇ ಹೊಲಿಗೆ ಹಾಕುತ್ತಿದ್ದರು. ಮನೆಯೊಳಗೆ ದಖನಿ ಉರ್ದು, ಬಾಗಿಲು ದಾಟಿದರೆ ಕನ್ನಡ. ಸುಗ್ರಾ ಎರಡಕ್ಕಿಂತ ಹೆಚ್ಚಾಗಿ ಮಾತಾಡುತ್ತಿದ್ದದ್ದು ಪೆನ್ಸಿಲಿನಲ್ಲಿ. ಡ್ರಾಯಿಂಗ್ ಮಾಸ್ತರ ಶರಣಯ್ಯನವರು, ಈ ಹುಡುಗಿಗೆ ಕಲಿಸೋದು ನನ್ನ ಹತ್ರ ಮುಗೀತು ಎಂದು ಒಂಬತ್ತನೇ ತರಗತಿಯಲ್ಲೇ ಹೇಳಿದ್ದರು.

ಮಧ್ಯಾಹ್ನದ ಬಿಡುವಿನಲ್ಲಿ ಅವಳು ಸೋದರತ್ತೆ ಮಹಬೂಬೀಯ ಖಾನಾವಳಿಗೆ ಹೋಗಿ ಕೈಜೋಡಿಸುತ್ತಿದ್ದಳು. ಆ ದಿನವೂ ಹೋದಳು. ಒಳಗೆ ಕಾಲಿಟ್ಟರೆ ಗೋಡೆಗೆ ಒರಗಿ ಊಟಕ್ಕೆ ಕೂತಿದ್ದವನು ಅವನೇ!

ಅತ್ತೆ ಪರಿಚಯ ಮಾಡಿಕೊಟ್ಟಳು. ಟಾಕೀಸಿನವರು ಇರೋತನಕ ಅವನ ಊಟ ಇಲ್ಲೇ ಎಂದಳು. ಬೆಳಿಗ್ಗೆ ಭೇಟಿಯಾದದ್ದನ್ನು ಇಬ್ಬರೂ ಹೇಳಲಿಲ್ಲ. ಆದರೆ ಮರುದಿನ ವಹೀದ್ ಊಟಕ್ಕೆ ಬರುವಾಗ ಕಾಗದದಲ್ಲಿ ಸುತ್ತಿದ ಫಿಲ್ಮಿನ ಚೂರುಗಳನ್ನು ತಂದು ಅತ್ತೆಯ ಮುಂದೆ ಇಟ್ಟ. ನಿಮ್ಮ ಹುಡುಗಿಗೆ ಕೊಡ್ರಿ ಖಾಲಾ, ಇವು ನಿಜವಾಗಿಯೂ ಕಸ ಎಂದ.

ಹಾಗೆ ಶುರುವಾಯಿತು.

ಸೋಡಾಖಾರ ಹಾಕಿದ ಬಿಸಿನೀರಲ್ಲಿ ನೆನೆಸಿ ಉಜ್ಜಿದರೆ ಫಿಲ್ಮಿನ ಮೇಲಿನ ಚಿತ್ರ ಅಳಿಸಿ, ಅದು ಗಾಜಿನಂತೆ ತಿಳಿಯಾಗುತ್ತದೆ ಎಂದು ಅವನು ತೋರಿಸಿಕೊಟ್ಟ. ಆ ಪುಟ್ಟ ಪುಟ್ಟ ಚೌಕಗಳಲ್ಲಿ ಸಣ್ಣ ನಿಬ್ಬಿನಿಂದ ಕರಿ ಶಾಯಿಯ ಗೆರೆ ಎಳೆಯುವುದನ್ನು ಅವಳೇ ಕಂಡುಕೊಂಡಳು. ಮೊದಲು ಎಲ್ಲಾ ಕೆಟ್ಟಿತು. ಶಾಯಿ ಹರಡಿತು, ಕೈ ನಡುಗಿತು. ಒಂದು ಚೌಕದ ತಲೆ ಇನ್ನೊಂದರಲ್ಲಿ ಭುಜವಾಗುತ್ತಿತ್ತು. ಅವನು ಪರೀಕ್ಷೆ ಮಾಡಲು ಮಷೀನಿಗೆ ಹಾಕಿ ನೋಡಿ ಬಂದು, ಬರೆದ ಮನುಷ್ಯ ಚಳಿಜ್ವರ ಬಂದವನಂತೆ ನಡುಗುತ್ತಾನೆ ಎಂದು ಹೇಳಿದ. ಅವಳು ಮತ್ತೆ ತೊಳೆದು ಮತ್ತೆ ಬರೆದಳು.

ಒಂದು ಮಧ್ಯಾಹ್ನ ಅವಳು ಕೊಟ್ಟ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ವಹೀದ್ ಬಹಳ ಹೊತ್ತು ನೋಡಿದ. ಆಮೇಲೆ ಅವಳ ಕಡೆ ತಿರುಗಿ, ತನ್ನ ಕೆನ್ನೆಯನ್ನು ಬೆರಳಿನಿಂದ ಮುಟ್ಟಿ ತೋರಿಸಿದ. ಸುಗ್ರಾಳಿಗೆ ಅರ್ಥವಾಗಲಿಲ್ಲ. ಅವನು ಮತ್ತೆ ತೋರಿಸಿದ. ಆಗ ಕೆನ್ನೆ ಒರೆಸಿಕೊಂಡಳು. ಕೈಗೆ ಕರಿ ಶಾಯಿ ಹತ್ತಿತು.

ಅಷ್ಟೇ ನಡೆದದ್ದು. ಆದರೆ ಆ ದಿನ ಮನೆಗೆ ಹೋಗುವಾಗ ಸುಗ್ರಾಳ ಎದೆ ಯಾಕೋ ಹಗುರವಾಗಿತ್ತು… ಕೆನ್ನೆ ಮಾತ್ರ ಬಿಸಿಯಾಗಿತ್ತು.

ಅವಳು ಬರೆಯುತ್ತಿದ್ದದ್ದು ತನ್ನ ಅಪ್ಪನ ನಡಿಗೆ.

ಅವಳಿಗೆ ಚೆನ್ನಾಗಿ ಗೊತ್ತಿದ್ದ ನಡಿಗೆ ಅದೊಂದೇ. ಮಗುವಾಗಿದ್ದಾಗ ಅಪ್ಪ ಸಂತೆಯಿಂದ ಬಂದವರೇ ಗಂಟು ಇಳಿಸಿ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಓಣಿ ತಿರುಗುತ್ತಿದ್ದರು. ಕುಂಟು ಹೆಜ್ಜೆಗೆ ಹೆಗಲು ಏರಿ ಇಳಿಯುತ್ತಿತ್ತು, ತೊಟ್ಟಿಲು ತೂಗಿದಂತೆ. ಬೇರೆ ಮಕ್ಕಳ ಅಪ್ಪಂದಿರಿಗೆ ಹಾಗೆ ತೂಗಲು ಬರುವುದಿಲ್ಲ ಎಂದು ಅವಳಿಗೆ ಹೆಮ್ಮೆ. ಚಿತ್ರದಲ್ಲಿಯೂ ಹಾಗೇ ಬರೆದಳು. ಗಂಟು ಹೊತ್ತ ಮನುಷ್ಯ ಕುಂಟುತ್ತ ಬರುತ್ತಾನೆ. ಎದುರಿನಿಂದ ಒಂದು ಮಗು ಓಡಿ ಬರುತ್ತದೆ. ಅವನು ಗಂಟು ಇಳಿಸಿ ಮಗುವನ್ನು ಎತ್ತಿಕೊಳ್ಳುತ್ತಾನೆ. ಮತ್ತೆ ನಡೆಯುತ್ತಾನೆ, ಮಗು ಮೇಲೆ ಕೂತು ತೂಗುತ್ತದೆ.

ಬೇಸಿಗೆ ಹತ್ತಿರವಾಗುವ ಹೊತ್ತಿಗೆ ಪಟ್ಟಿಗಳೆಲ್ಲ ಮುಗಿದವು. ತುಂಡುಗಳನ್ನು ಕೂಡಿಸಲು ವಹೀದ್ ತೆಗೆದುಕೊಂಡು ಹೋದ. ಭಾನುವಾರದ ಸಂಜೆಯ ಆಟಕ್ಕೆ ಅತ್ತೆಯ ಜೊತೆ ತಪ್ಪದೇ ಬರಬೇಕು ಎಂದಷ್ಟೇ ಹೇಳಿ ಹೋದ. ಆಟ ಮುಗಿದ ಮೇಲೆ ತನಗೊಬ್ಬಳಿಗೇ ತೋರಿಸಬಹುದು ಎಂದು ಸುಗ್ರಾ ತಿಳಿದಳು.

ಭಾನುವಾರ ಡೇರೆ ತುಂಬಿತ್ತು. ಹೆಂಗಸರ ಕಡೆ ಚಾಪೆಯ ಮೇಲೆ ಕೂತ ಸುಗ್ರಾ ಗಂಡಸರ ಕಡೆ ನೋಡಿ ಬೆರಗಾದಳು. ಕುರ್ಚಿಯಲ್ಲಿ ಅಪ್ಪ! ಸಿನಿಮಾ ಎಂದರೆ ದೂರ ಇರುವ ಅಪ್ಪ… ವಹೀದನೇ ಹೋಗಿ ಕರೆದು, ಕುರ್ಚಿ ಹಾಕಿ ಕೂರಿಸಿದ್ದ.

ದೀಪ ಆರಿತು. ಪರದೆಯ ಮೇಲೆ ಅವಳ ಗೆರೆಗಳು ಬಂದವು.

ತಾನು ಬರೆದ ಮನುಷ್ಯ ಆಳೆತ್ತರ ನಿಂತು, ಉಸಿರಾಡುತ್ತ ಒಂದು ಹೆಜ್ಜೆ ಇಟ್ಟ. ಸುಗ್ರಾ ಅತ್ತೆಯ ಕೈ ಹಿಡಿದಳು. ಇನ್ನೊಂದು ಹೆಜ್ಜೆ. ಹೆಗಲು ಏರಿತು, ಇಳಿಯಿತು…

"ಏ, ನಬೀಸಾಬ್ರು!" ಯಾರೋ ಕೂಗಿದರು.

ನಗು ಒಂದು ಮೂಲೆಯಿಂದ ಎದ್ದು ಇಡೀ ಡೇರೆಗೆ ಹಬ್ಬಿತು. ಒಬ್ಬ ಶಿಳ್ಳೆ ಹಾಕಿದ. ಮಗು ಇನ್ನೂ ಬಂದಿರಲಿಲ್ಲ. ಬರುವ ಮೊದಲೇ ಆ ಹಳೆಯ ಫಿಲ್ಮು ಮಷೀನಿನಲ್ಲಿ ಸಿಕ್ಕಿಕೊಂಡು ಹರಿಯಿತು. ಪರದೆ ಬೆಳ್ಳಗಾಯಿತು. ಆ ಬಿಳಿ ಬೆಳಕಿನಲ್ಲಿ ನಬೀಸಾಬ್ ಎದ್ದು ಹೊರಗೆ ನಡೆದರು. ಅವರು ಕುಂಟುತ್ತ ನಡೆದದ್ದನ್ನು ನೋಡಿ ಜನ ಇನ್ನೊಮ್ಮೆ ನಕ್ಕರು.

ಮನೆಯಲ್ಲಿ ಅಪ್ಪ ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಊಟದ ಮುಂದೆ ಕೂತು, ತಟ್ಟೆ ಮುಟ್ಟದೆ, ಮೆಲ್ಲಗೆ ಕೇಳಿದರು.

"ನನ್ನ ಕಾಲು ನಿನಗೂ ನಗಿ ಆತೇನು, ಬೇಟಿ?"

'ಇಲ್ಲ ಅಬ್ಬಾ, ಇನ್ನೂ ಇತ್ತು, ಮುಗಿದಿರಲಿಲ್ಲ…' ಎಂದು ಸುಗ್ರಾ ಹೇಳುವ ಮೊದಲೇ ಅಪ್ಪ ಎದ್ದು ಹೋದರು. ಅವಳು ನಿಬ್ಬು, ಶಾಯಿ, ಕಾಗದ ಎಲ್ಲವನ್ನೂ ಬಟ್ಟೆಯಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದಳು.

ಮರುದಿನ ವಹೀದ್ ಖಾನಾವಳಿಗೆ ಬಂದಾಗ ಅವನ ಮುಖ ಸುಟ್ಟಂತಿತ್ತು. ಊರಿಗೆಲ್ಲ ತೋರಿಸಬೇಕು, ನಿಮ್ಮ ತಂದೆ ಕಣ್ಣಾರೆ ನೋಡಬೇಕು ಎಂದು ಆಸೆಪಟ್ಟೆ, ತಪ್ಪಾಯಿತು ಎಂದ. ಸುಗ್ರಾ ಅವನನ್ನು ಮಾತು ಮುಗಿಸಲು ಬಿಡಲಿಲ್ಲ.

"ಒಂದು ಮಾತು ನನ್ನ ಕೇಳಬೇಕಿತ್ತಲ್ಲ? ಅದು ನಂದು. ನಮ್ಮಪ್ಪಂದು. ಊರಿಂದಲ್ಲ. ಇನ್ನ ನನ್ನ ಮುಂದ ಬರಬ್ಯಾಡ್ರಿ."

ಅವನು ತಲೆ ತಗ್ಗಿಸಿ ಹೊರಗೆ ಹೋದ. ಆ ದಿನದಿಂದ ಖಾನಾವಳಿಗೆ ಬರುವುದನ್ನೂ ಬಿಟ್ಟ.

ಮುಂದೆ ನಡೆದದ್ದು ಸುಗ್ರಾಳಿಗೆ ಗೊತ್ತಾಗಲಿಲ್ಲ.

ವಹೀದ್ ಹರಿದ ಪಟ್ಟಿಯನ್ನು ಕೂಡಿಸಿ ಜೇಬಿನಲ್ಲಿಟ್ಟುಕೊಂಡು ಕವಿತಾಳದ ಸಂತೆಗೆ ಹೋದ. ನಬೀಸಾಬ್ ಮುಖ ತಿರುಗಿಸಿದರು. ಮುಂದಿನ ವಾರ ದೇವದುರ್ಗದ ಸಂತೆಗೆ ಹೋದ. ಅಲ್ಲಿಯೂ ಮಾತಿಲ್ಲ. ಅವನು ಒತ್ತಾಯ ಮಾಡಲಿಲ್ಲ. ಸಂತೆ ಮುಗಿಯುವತನಕ ದೂರ ನಿಂತಿದ್ದು, ಅವರು ಗಂಟು ಕಟ್ಟಿದ ಕೂಡಲೇ ಅದನ್ನು ಎತ್ತಿ ತನ್ನ ಹೆಗಲಿಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದ. ಅದರ ಮುಂದಿನ ವಾರವೂ ಹಾಗೇ ಮಾಡಿದ. ಆಗ ನಬೀಸಾಬರೇ ಮಾತಾಡಿಸಿದರು. ಏನು ಬೇಕಪ್ಪಾ ನಿನಗೆ ಎಂದು ಕೇಳಿದರು.

"ಚಿತ್ರ ಪೂರ್ತಿ ಆಗಿರಲಿಲ್ರಿ. ಉಳಿದದ್ದನ್ನ ನೀವು ನೋಡಬೇಕು. ಇಷ್ಟೇ."

ಮಾನ್ವಿಗೆ ಹೋಗುವ ಬಸ್ಸಿನ ಕಿಟಕಿಯ ಬಳಿ ಕೂತು ನಬೀಸಾಬ್ ಆ ಪಟ್ಟಿಯನ್ನು ಬೆಳಕಿಗೆ ಹಿಡಿದರು. ಒಂದೊಂದೇ ಚೌಕ… ಕುಂಟುವ ಮನುಷ್ಯ. ಹೆಗಲ ಮೇಲೆ ಗಂಟು. ಹಲ್ಲು ಕಚ್ಚಿ ಮುಂದಕ್ಕೆ ಸರಿಸಿದರು. ಸಿರವಾರ ದಾಟುವ ಹೊತ್ತಿಗೆ ಎದುರಿನಿಂದ ಒಂದು ಮಗು ಬಂತು. ಬೆರಳುಗುರಿನಷ್ಟು ಮಗು. ಗಂಟು ಕೆಳಗಿಳಿಯಿತು. ಮಗು ಹೆಗಲೇರಿತು. ಕುಂಟು ಹೆಜ್ಜೆಗೆ ಅದು ಮೇಲೆ ಕೆಳಗೆ ತೂಗುತ್ತಿತ್ತು, ಎರಡೂ ಕೈ ಚಾಚಿ ನಗುತ್ತಿತ್ತು.

ಪಕ್ಕದ ಸೀಟಿನ ಹೆಂಗಸು, ಯಾಕ್ರೀ ಯಪ್ಪಾ, ಕಣ್ಣಾಗ ಧೂಳ ಬಿತ್ತೇನು ಎಂದು ಕೇಳಿದಳಂತೆ. ಹೌದು ಎಂದರಂತೆ.

ಆ ಸಂಜೆ ಅಪ್ಪ ಅಟ್ಟದ ಮೇಲಿನ ಗಂಟನ್ನು ತಾವೇ ಇಳಿಸಿ ಸುಗ್ರಾಳ ಮುಂದೆ ಇಟ್ಟರು. ಅದರ ಮೇಲೆ ಆ ಪಟ್ಟಿ. ಎಲ್ಲಿ ಸಿಕ್ಕಿತು ಎಂದು ಅವಳು ಕೇಳಿದರೆ, ಸಿಕ್ಕಿತು ಎಂದಷ್ಟೇ ಹೇಳಿದರು. ತಾನು ಬಂದದ್ದನ್ನು ಹೇಳಬಾರದು ಎಂದು ವಹೀದ್ ಮಾತು ತೆಗೆದುಕೊಂಡಿದ್ದ. ಅತ್ತೆಯೇ ತಂದುಕೊಟ್ಟಿರಬೇಕೆಂದು ಸುಗ್ರಾ ತಿಳಿದಳು.

"ಈ ವಿದ್ಯೆಗೆ ಏನಂತಾರ? ಎಲ್ಲಿ ಕಲಸ್ತಾರ?" ಎಂದು ಅಪ್ಪ ಕೇಳಿದರು.

ಮಾನ್ವಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಶರಣಯ್ಯ ಮಾಸ್ತರರಿಗೂ ಇಲ್ಲ. ಮೊದಲು ಗುಲ್ಬರ್ಗದ ಕಲಾಶಾಲೆಗೆ ಕಳಿಸ್ರಿ, ಕೈ ಪಳಗಲಿ, ಮುಂದಿನ ದಾರಿ ಅಲ್ಲಿಂದ ಕಾಣಬಹುದು ಎಂದರು ಅವರು. ಖತೀಜಾ ಬೀ ಅತ್ತರು. ಹೆಣ್ಣುಮಗಳು ಅಷ್ಟು ದೂರ ಹಾಸ್ಟೆಲಿನಲ್ಲಿ ಹೇಗಿರುತ್ತಾಳೆ ಎಂದರು.

"ನಾ ಒಂದು ಕಾಲಾಗ ಇಷ್ಟು ಊರು ತಿರುಗೀನಿ," ಅಂದರು ನಬೀಸಾಬ್. "ಆಕಿಗೆ ಎರಡೂ ಅದಾವ. ಹೋಗಲಿ."

ಪರೀಕ್ಷೆ ಮುಗಿದ ದಿನ ಸುಗ್ರಾ ಕವಿತಾಳದ ರಸ್ತೆಯ ಕಡೆ ಹೋದಳು. ಸಿಟ್ಟು ಇಳಿದಿತ್ತು. ಒಂದು ಮಾತು ಆಡಬೇಕೆನಿಸಿತ್ತು. ಬಯಲಿನಲ್ಲಿ ಗೂಟದ ಗುಂಡಿಗಳಷ್ಟೇ ಉಳಿದಿದ್ದವು. ಡೇರೆ ಬೇರೆ ಊರಿಗೆ ಹೋಗಿತ್ತು.

'ಒಂದು ಮಾತೂ ಹೇಳದೇ ಹೋದ್ರಲ್ಲ…' ಎಂದುಕೊಂಡಳು. ಬರಬೇಡಿ ಅಂದವಳು ತಾನೇ ಎಂದು ಮನಸ್ಸು ಹೇಳಿತು. ಆದರೂ ನೋವು ಕಡಿಮೆಯಾಗಲಿಲ್ಲ.

ಗುಲ್ಬರ್ಗದ ಐದು ವರ್ಷ ಸುಗ್ರಾಳನ್ನು ಬದಲಿಸಿತು. ಬಣ್ಣ, ಮೂಳೆ, ಮಾಂಸಖಂಡ, ನೆರಳು, ಎಲ್ಲಾ ಕಲಿತಳು. ಮಡಕೆ ಹಣ್ಣು ಇಟ್ಟು ಬರೆಯಿರಿ ಎಂದರೆ ಅವಳಿಗೆ ಬೇಸರ. ಹಣ್ಣು ಮೇಜಿನಿಂದ ಉರುಳಿದರೆ ಹೇಗೆ ಬೀಳುತ್ತದೆ ಎಂದು ಹಾಳೆಯ ಅಂಚಿನಲ್ಲಿ ಬರೆಯುತ್ತಿದ್ದಳು. ಅಹಮದಾಬಾದಿನಲ್ಲಿ ಒಂದು ಸಂಸ್ಥೆ ಇದೆ, ಇಡೀ ದೇಶದಲ್ಲಿ ಚಿತ್ರಕ್ಕೆ ಜೀವ ಕೊಡುವ ವಿದ್ಯೆ ಕಲಿಸುವುದು ಅಲ್ಲೇ ಎಂದು ಕೊನೆಯ ವರ್ಷ ಒಬ್ಬ ಅಧ್ಯಾಪಕರು ಹೇಳಿದರು.

ಹೋದಳು. ತೆಗೆದುಕೊಳ್ಳಲಿಲ್ಲ.

ಅಂದವಾದ ಚಿತ್ರಗಳನ್ನೆಲ್ಲ ಆರಿಸಿ ಒಯ್ದಿದ್ದಳು. ಅವರು ತಿರುವಿ ನೋಡಿ, ಚೆನ್ನಾಗಿವೆ ಎಂದು ಮುಚ್ಚಿಟ್ಟರು. ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ವಾಪಸು ಬರುವಾಗ ರೈಲಿನಲ್ಲಿ ಕಿಟಕಿಗೆ ಮುಖ ಮಾಡಿ ಕೂತಳು. ಶರಣಯ್ಯ ಮಾಸ್ತರರು ನಿವೃತ್ತರಾಗಿದ್ದರು. ಅವರ ಜಾಗದಲ್ಲಿ ಒಂದು ವರ್ಷ ಮಾನ್ವಿಯ ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಟ್ಟಳು.

ಆ ವರ್ಷವೇ ಮಹಬೂಬೀ ಮಾತಿನ ನಡುವೆ ಒಂದು ಸುದ್ದಿ ಹೇಳಿದಳು. ದೇವದುರ್ಗದ ಕುಬ್ರಾ ಬೇಗಂ ಮಗ ವಹೀದನಿಗೆ ಹೆಣ್ಣು ನೋಡುತ್ತಿದ್ದಾಳಂತೆ. ಸುಗ್ರಾ ಕೇಳದವಳಂತೆ ತಟ್ಟೆ ತೊಳೆದಳು. ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು. ಮುಂದೆ ಆ ಹೆಸರು ಅವಳು ಎತ್ತಲಿಲ್ಲ. ಮದುವೆ ಆಗಿಹೋಗಿರಬೇಕು ಎಂದು ಮನಸ್ಸಿನಲ್ಲೇ ಬಾಗಿಲು ಹಾಕಿಕೊಂಡಳು.

ಮರುವರ್ಷ ಮತ್ತೆ ಅಹಮದಾಬಾದಿಗೆ ಹೋದಾಗ ಒಂದೂ ಅಂದದ ಚಿತ್ರ ಒಯ್ಯಲಿಲ್ಲ. ನಿಮ್ಮ ಊರಿನಲ್ಲಿ ಏನು ನೋಡಿದ್ದೀರಿ ಎಂದು ಕೇಳಿದರು. ಜನ ನಡೆಯುವುದನ್ನು ನೋಡಿದ್ದೇನೆ ಎಂದು ದಖನಿಯ ಹಿಂದಿಯಲ್ಲಿ ಹೇಳಿ, ಎದ್ದು ನಿಂತು ನಡೆದು ತೋರಿಸಿದಳು. ಎರಡು ಕೊಡ ಹೊತ್ತ ಹೆಂಗಸು ಹೀಗೆ. ಎಮ್ಮೆ ಮಾರಲು ಬಂದವನು ಬರುವಾಗ ಹೀಗೆ, ಮಾರಿದ ಮೇಲೆ ಹೀಗೆ. ಕುಂಟು ಕಾಲಿನ ಬಟ್ಟೆ ವ್ಯಾಪಾರಿ ಹೀಗೆ. ಯಾರೂ ನಗಲಿಲ್ಲ. ಒಬ್ಬ ಹಿರಿಯರು ಕನ್ನಡಕ ತೆಗೆದು, ಇನ್ನೊಮ್ಮೆ ನಡೆಯಮ್ಮಾ ಎಂದರು.

ಅಲ್ಲಿ ಅವಳ ಕೈಗೆ ಬೆಳಕಿನ ಮೇಜು ಸಿಕ್ಕಿತು. ಚಿತ್ರದ ಮೇಲೆ ಚಿತ್ರ ಇಟ್ಟು ಕೆಳಗಿನದು ಕಾಣುವಂತೆ ಬರೆಯುವ ಮೇಜು. ಹಗಲೆಲ್ಲ ಅದರ ಮುಂದೆ ಕೂತಿರುತ್ತಿದ್ದಳು. ಓದು ಮುಗಿಯುವ ವರ್ಷ, ೧೯೮೫ರಲ್ಲಿ, ಮುಂಬೈಯಿಂದ ಒಬ್ಬ ಇಂಜಿನಿಯರ್ ಬಂದು ಕಂಪ್ಯೂಟರ್ ತೋರಿಸಿದ. ಕರಿ ಪರದೆ, ಹಸಿರು ಗೆರೆ. ಅಂಕಿಗಳನ್ನು ಕೊಟ್ಟರೆ ಒಂದು ಪೆಟ್ಟಿಗೆ ತಾನೇ ತಿರುಗಿತು. ಮೊದಲ ಚಿತ್ರ, ಕೊನೆಯ ಚಿತ್ರ ನೀವು ಹೇಳಿ, ನಡುವಿನದನ್ನೆಲ್ಲ ಯಂತ್ರ ಬರೆಯುತ್ತದೆ ಎಂದ.

ಎಲ್ಲರೂ ಬೆರಗಾದರು. ಸುಗ್ರಾಳಿಗೆ ಮಾತ್ರ ಮನಸ್ಸು ಚುರುಕ್ ಎಂದಿತು. ಹಗಲಿರುಳು ಕೂತು ತಾನು ಬರೆಯುತ್ತಿದ್ದದ್ದೆಲ್ಲ ಆ ನಡುವಿನದೇ. ಪರದೆಯನ್ನು ಮತ್ತೆ ನೋಡಿದಳು. ಪೆಟ್ಟಿಗೆ ಗಾಳಿಯಲ್ಲಿ ತೇಲಿದಂತೆ ಸರಿಯುತ್ತಿತ್ತು. ಅದಕ್ಕೆ ನೆಲವಿಲ್ಲ, ಭಾರವಿಲ್ಲ. ಅಂಕಿಗಳನ್ನು ನಾನು ಬದಲಿಸಬಹುದೇ ಎಂದು ಕೇಳಿದಳು.

ಒಂದು ಬದಿಗೆ ಬೇಗ, ಇನ್ನೊಂದು ಬದಿಗೆ ತಡ. ಇಳಿಯುವಾಗ ತುಸು ನಿಲ್ಲಬೇಕು, ಏರುವಾಗ ಕಷ್ಟಪಡಬೇಕು. ಇಂಜಿನಿಯರ್ ಅಂಕಿ ಹಾಕುತ್ತ ಹೋದ, ಅವಳು ತಿದ್ದಿಸುತ್ತ ಹೋದಳು. ಕೊನೆಗೆ ಆ ಬರಿ ಪೆಟ್ಟಿಗೆ ಕುಂಟುತ್ತ ಪರದೆಯ ಈ ತುದಿಯಿಂದ ಆ ತುದಿಗೆ ನಡೆಯಿತು. ಸುಸ್ತಾದ ಮನುಷ್ಯ ಮನೆಗೆ ಹೊರಟಂತೆ.

ಇದನ್ನು ಎಲ್ಲಿ ಕಲಿತಿರಿ ಎಂದು ಇಂಜಿನಿಯರ್ ಕೇಳಿದ. ಮನೆಯಲ್ಲಿ ಎಂದಳು.

ಅವನೇ ಅವಳನ್ನು ಮುಂಬೈಗೆ ಬರಲು ಹೇಳಿದ. ಕಂಪ್ಯೂಟರಿನ ಭಾಷೆ ಕಲಿಯಲು ಮೊದಲು ಲೆಕ್ಕ ಕಲಿಯಬೇಕಾಯಿತು. ಅದೂ ಇಂಗ್ಲಿಷಿನಲ್ಲಿ. ತನಗಿಂತ ಸಣ್ಣವರ ಪಕ್ಕದಲ್ಲಿ ಕೂತು, ಹತ್ತನೇ ತರಗತಿಯಲ್ಲಿ ಬಿಟ್ಟ ಗಣಿತವನ್ನು ಮತ್ತೆ ಮೊದಲಿಂದ ಹಿಡಿದಳು. ಎಷ್ಟೋ ಸಲ ಗಂಟು ಕಟ್ಟಿ ಮಾನ್ವಿಗೆ ಹೋಗಿಬಿಡೋಣ ಎನಿಸಿತು. ಹೋಗಲಿಲ್ಲ. ಒಂದೂವರೆ ವರ್ಷದ ಕಲಿಕೆ ಮುಗಿದಾಗ ಅಲ್ಲಿಯ ಒಂದು ಸ್ಟುಡಿಯೋ ಕೆಲಸಕ್ಕೆ ಕರೆಯಿತು. ಕಂಪ್ಯೂಟರಿನಲ್ಲಿ ಚಿತ್ರ ನಡೆಸುವ ಕೆಲಸ!

ಸೇರುವ ಮುಂಚೆ ಮನೆಗೆ ಬಂದಳು. ೧೯೮೭ರ ಜೂನ್. ನಾಲ್ಕು ದಿನ ಇದ್ದು ಹೊರಟಾಗ ಅಪ್ಪ ರಾಯಚೂರಿನತನಕ ಬರುತ್ತೇನೆ ಎಂದರು. ಕೂದಲು ಪೂರ್ತಿ ನೆರೆತಿತ್ತು, ಕೋಲು ಬಂದಿತ್ತು. ರೈಲು ಸಂಜೆಗೆ. ಬಸ್ಸಿಳಿದ ಮೇಲೆ ಸ್ಟೇಷನ್ನಿಗೆ ಹೋಗದೆ ಅವರು ಪೇಟೆಯ ತೀನ್ ಕಂದೀಲ್ ಚೌಕದ ಕಡೆ ತಿರುಗಿದರು. ಅಲ್ಲಿ ನನ್ನ ಸ್ನೇಹಿತ ಒಬ್ಬ ಇದ್ದಾನೆ, ಚಹಾ ಕುಡಿದು ಹೋಗೋಣ ಎಂದರು.

ಟೀವಿ ರಿಪೇರಿ ಅಂಗಡಿ. ಬಿಚ್ಚಿದ ಟೀವಿಗಳು ಗೋಡೆಯುದ್ದಕ್ಕೂ ಕೂತಿದ್ದವು. ಒಂದರ ಒಳಗೆ ತಲೆ ಹಾಕಿ ಕೂತಿದ್ದವನು ಸಲಾಂ ಹೇಳಲು ತಿರುಗಿದ.

ಸುಗ್ರಾ ಹೊಸ್ತಿಲಲ್ಲೇ ನಿಂತುಬಿಟ್ಟಳು.

ವಹೀದ್… ಕಣ್ಣಿನ ಸುತ್ತ ಗೆರೆಗಳು ಮೂಡಿದ್ದವು. ಬೆರಳುಗಳ ತುದಿ ಈಗಲೂ ಕಪ್ಪು. ಅವನ ಕೈಯಲ್ಲಿದ್ದ ಸಣ್ಣ ಸ್ಕ್ರೂ ಕೆಳಗೆ ಬಿದ್ದು ಎಲ್ಲೋ ಉರುಳಿತು. ಅವನು ಹುಡುಕಲಿಲ್ಲ.

ನಬೀಸಾಬ್ ಸ್ಟೂಲಿನ ಮೇಲೆ ಕೂತು ಕೋಲನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡರು.

"ಇವನಿಗೆ ಒಂದು ಮಾತು ಕೊಟ್ಟಿದ್ದೆ, ಬೇಟಿ. ಹತ್ತು ವರ್ಷ ಉಳಿಸ್ಕೊಂಡೆ. ಇವತ್ತು ಮುರೀತೀನಿ. ಅಲ್ಲಾ ಮಾಫ್ ಮಾಡಲಿ."

ಎಲ್ಲವನ್ನೂ ಹೇಳಿದರು. ಪಟ್ಟಿ ತಂದವನು ಯಾರು, ಸಂತೆಯಲ್ಲಿ ಗಂಟು ಹೊತ್ತವನು ಯಾರು ಎಂದು. ಅಷ್ಟಕ್ಕೇ ಮುಗಿಯಲಿಲ್ಲ. ಡೇರೆ ಮುಚ್ಚಿದ ಮೇಲೆ ವಹೀದ್ ರಾಯಚೂರಿಗೆ ಬಂದು ಟೀವಿ ಕೆಲಸ ಕಲಿತದ್ದು, ವಾರವಾರ ತಾಯಿಯನ್ನು ನೋಡಲು ದೇವದುರ್ಗಕ್ಕೆ ಹೋದಾಗ ಸಂತೆಯಲ್ಲಿ ತಮ್ಮ ಜೊತೆ ಕೂತು ಚಹಾ ಕುಡಿಯುತ್ತಿದ್ದದ್ದು, ಗುಲ್ಬರ್ಗದ ಸುದ್ದಿ, ಅಹಮದಾಬಾದಿನ ಸುದ್ದಿ ಎಲ್ಲ ಕೇಳಿ ತಿಳಿದುಕೊಳ್ಳುತ್ತಿದ್ದದ್ದು… ಕುಬ್ರಾ ಬೇಗಂ ತೋರಿಸಿದ ಹೆಣ್ಣುಗಳನ್ನೆಲ್ಲ ಬೇಡ ಎಂದದ್ದು.

"ನಿನ್ನ ಸುದ್ದಿ ಪ್ರತಿ ವಾರ ಕೇಳಿದ. ನಿನ್ನನ್ನ ಕೊಡು ಅಂತ ಒಂದು ವಾರನೂ ಕೇಳಲಿಲ್ಲ," ಎಂದು ಹೇಳಿ ಅಪ್ಪ ಕೋಲೂರಿ ಎದ್ದರು. ಎದುರಿನ ಹೋಟೆಲಿನಲ್ಲಿ ಕೂತಿರುತ್ತೇನೆ ಎಂದು ಹೊರಗೆ ನಡೆದರು.

ಸುಗ್ರಾಳಿಗೆ ಮೊದಲು ಬಂದದ್ದು ಸಿಟ್ಟು. ಆಮೇಲೆ ಅಳು. ಎರಡನ್ನೂ ನುಂಗಿ ಕೇಳಿದಳು.

"ಯಾಕ ಹೇಳಲಿಲ್ರಿ? ಇಷ್ಟು ವರ್ಷ ನಾ ನಿಮ್ಮನ್ನ ತಪ್ಪು ತಿಳ್ಕೊಂಡಿದ್ದೆ."

ಅವನು ತಡೆದು ತಡೆದು ಹೇಳಿದ. "ಹೇಳಿದ್ರ ಉಪಕಾರ ಮಾಡೀನಿ ಅಂತ ಆಗ್ತಿತ್ರಿ. ನೀವು ಆ ಭಾರಕ್ಕ ನನ್ನ ಕಡಿ ನೋಡಬಾರದಿತ್ತು. ಮತ್ತ… ನೀವು ಒಂದೊಂದು ಊರು ದಾಟಿ ಹೋಗಾಕತ್ತಿದ್ರಿ. ಹಿಂದಿಂದ ಕರದು ನಿಲ್ಲಸಬಾರದು ಅನಸ್ತು."

"ಬರಬ್ಯಾಡ್ರಿ ಅಂದದ್ದು ಹದಿನಾರು ವರ್ಷದ ಹುಡುಗಿ ಸಿಟ್ಟಿನ ಮಾತು. ಪರೀಕ್ಷಾ ಮುಗದ ದಿನ ಡೇರೆ ಹತ್ರ ಬಂದಿದ್ದೆ. ಬರೇ ಗುಂಡಿ ಇದ್ದವು."

ವಹೀದ್ ತಲೆ ಎತ್ತಿ ಅವಳನ್ನೇ ನೋಡಿದ. "ಬಂದಿದ್ರೇನು?"

"ಬಂದಿದ್ದೆ. ನಿಮ್ಮ ಮದುವಿ ಆಗ್ಯದ ಅಂತ ತಿಳಕೊಂಡ ಮ್ಯಾಲೂ ಮರೀಲಿಕ್ಕೆ ಆಗಲಿಲ್ಲ. ಅದು ತಪ್ಪು ಅಂತ ನನ್ನ ನಾನೇ ಬೈಕೊಂಡೀನಿ."

ಹೊರಗೆ ಟಾಂಗಾವೊಂದು ಗಂಟೆ ಬಾರಿಸುತ್ತ ಹೋಯಿತು. ಸುಗ್ರಾಳೇ ಮುಂದಿನ ಮಾತು ತೆಗೆದಳು. ಕೆಲಸ ಬಿಡುವುದಿಲ್ಲ, ಅದು ತನ್ನ ಉಸಿರು ಎಂದಳು. ಬಿಡಬೇಕೆಂದು ಯಾರು ಹೇಳಿದರು ಎಂದ ಅವನು. ತಾಯಿಯ ಬಳಿ ತಮ್ಮ ಇದ್ದಾನೆ, ತಮ್ಮನ ಹೆಂಡತಿ ಇದ್ದಾಳೆ. ಟೀವಿಗಳು ಮುಂಬೈಯಲ್ಲೂ ಕೆಡುತ್ತವೆ, ಇಲ್ಲಿಗಿಂತ ಹೆಚ್ಚೇ ಕೆಡುತ್ತವೆ ಎಂದ.

"ಹಂಗಾದ್ರ ಬರ್ರಿ," ಅಂದಳು ಸುಗ್ರಾ. ಅವನ ಮುಖದಿಂದ ಕಣ್ಣು ಕದಲಿಸಲಿಲ್ಲ. "ನಿಕಾ ಮಾಡ್ಕೊಂಡು ಬರ್ರಿ. ನನಗ ನೀವು ಬೇಕು. ಉಪಕಾರಕ್ಕಲ್ಲ."

ವಹೀದ್ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ. ಮುಖದ ಮೇಲೆ ನಗು ಮೆಲ್ಲಗೆ, ತಡೆತಡೆದು ಬಂತು.

"ಬಕ್ರೀದ್ ಆದ ಮ್ಯಾಲ ಅಮ್ಮೀನ ಕರಕೊಂಡು ಮಾನ್ವಿಗೆ ಬರ್ತೀನಿ. ರೀತಿ ಪ್ರಕಾರ ಕೇಳ್ತೀನಿ."

"ನನ್ನ ಇಲ್ಲಿಗೆ ಕರಕೊಂಡು ಬಂದಾಗಲೇ ನಮ್ಮಪ್ಪ ಹೂಂ ಅಂದಂಗ."

"ಆದ್ರೂ ಕೇಳ್ತೀನಿ."

ಹೊರಗೆ ಹೋಟೆಲಿನ ಬೆಂಚಿನ ಮೇಲೆ ಅಪ್ಪ ಎರಡನೇ ಚಹಾ ತರಿಸಿ, ಈ ಕಡೆ ನೋಡದಂತೆ ಬಹಳ ಕಷ್ಟಪಟ್ಟು ಬೀದಿಯನ್ನೇ ನೋಡುತ್ತಿದ್ದರು. ಸ್ಟೇಷನ್ನಿಗೆ ಹೊರಡುವ ಹೊತ್ತಾಗಿತ್ತು. ವಹೀದ್ ಅವಳ ಪೆಟ್ಟಿಗೆ ಎತ್ತಿಕೊಂಡ. ಬಾಗಿಲು ದಾಟುವ ಮುನ್ನ ಏನೋ ನೆನಪಾದವನಂತೆ ನಿಂತ.

"ಮುಂಬೈದಾಗ ಜ್ವಾಳದ ರೊಟ್ಟಿ ಸಿಗ್ತಾವೇನ್ರಿ?"

"ಎಲ್ಲೀವು? ನನಗ ಬಡ್ಯಾಕ ಬರಂಗಿಲ್ಲ," ಅಂದಳು ಸುಗ್ರಾ. ಹೇಳುವಾಗ ಸ್ವಲ್ಪ ಅಳುಕಿತ್ತು.

"ನನಗ ಬರ್ತದ."

ಸುಗ್ರಾ ಅವನ ಮುಖ ನೋಡಿದಳು. ಹತ್ತು ವರ್ಷದ ನಂತರ ಮೊದಲ ಸಲ ಮನಸಾರೆ ನಕ್ಕಳು.

"ಹಂಗಾದ್ರ ಹಿಟ್ಟು ನೀವೇ ತರ್ರಿ," ಅಂದಳು.